ಮುಂದಿನ ಸೀಟಿನ ಕರ್ಚೀಫು

ಜೂನ್ 12, 2017, ಸೋಮವಾರ. ಬೆಳಿಗ್ಗೆ 6:40
ಪೆನ್‌ರೋಸ್, ಗೋದಾಮಿನ ಟೀ ರೂಮ್

ಅವನ ಬೂಟಿನ ಲೇಸುಗಳು ಬೇರೆ ಬೇರೆ. ಬಲಗಾಲಿಗೆ ಕಪ್ಪು. ಎಡಗಾಲಿಗೆ ಕಿತ್ತಳೆ ಬಣ್ಣದ ನೈಲಾನ್ ದಾರ, ತುದಿ ಸುಟ್ಟು ಗಂಟು ಹಾಕಿದ್ದು. ಇವತ್ತು ಗಮನಿಸಿದೆ. ಮುಖ ನೋಡುವ ಧೈರ್ಯ ಇಲ್ಲದವಳಿಗೆ ಕಾಣುವುದು ಬೂಟೇ.

ಇದು ನಾಲ್ಕನೇ ವಾರ. ಬಾಟನಿ ಡೌನ್ಸ್‌ನಿಂದ 5:50ರ ಬಸ್ಸು. ಮೂರನೇ ಸ್ಟಾಪಿನಲ್ಲಿ ಹತ್ತುತ್ತಾನೆ ಆ ಬಿಳಿಯ, ಜಾಕೆಟ್ಟಿನ ಹುಡ್ ಮುಖದ ಮೇಲೆ ಎಳೆದುಕೊಂಡು. ಮುಂದೆ ಕೂತಿರುವ ನಮ್ಮಂಥ ಬಣ್ಣದವರ ಎದುರು ನಿಂತು "ಬ್ಯಾಕ್" ಅನ್ನುತ್ತಾನೆ. ಅಷ್ಟೇ. ಮೊದಲ ವಾರ ಒಬ್ಬ ಫಿಲಿಪಿನೋ ವೆಲ್ಡರ್‌ನ ಕಾಲರ್ ಹಿಡಿದು ಹಿಂದಿನ ಬಾಗಿಲವರೆಗೆ ಎಳೆದ. ಈಗ ಯಾರನ್ನೂ ಎಳೆಯಬೇಕಿಲ್ಲ. ಬೋರ್ಡಿಲ್ಲ, ಕಾನೂನಿಲ್ಲ. ಹತ್ತಿದ ಕೂಡಲೇ ನಾವೇ ಹಿಂದೆ ಹೋಗುತ್ತೇವೆ. ಮುಂದೆ ಮೂರು ನಾಲ್ಕು ಬಿಳಿಯರು, ಫೋನ್ ನೋಡುತ್ತಾ.

ರೋಷನ್ ಬೀ ಆಂಟಿ ಮಾತ್ರ ಏಳುವುದಿಲ್ಲ. ಗದಗಿನವರು. ಅರವತ್ತರ ಮೇಲೆ. ಮಗ ಇಕ್ರಾಮನ ಮಸಾಲೆ ಅಂಗಡಿಗೆ ಪ್ಯಾಕಿಂಗಿಗೆ ಹೋಗುತ್ತಾರೆ. ಡ್ರೈವರ್ ಹಿಂದಿನ ಮೊದಲ ಸೀಟು ಅವರದು. ಪಕ್ಕದಲ್ಲಿ ನನಗೆಂದು ಕರ್ಚೀಫು ಹಾಸಿಟ್ಟಿರುತ್ತಾರೆ — ಬಿಳಿ, ಅಂಚಿಗೆ ನೀಲಿ ಗೆರೆ. ಇವತ್ತು ಕೂತೆ. ಮೂರನೇ ಸ್ಟಾಪು ಬಂತು. ಎದ್ದೆ.

ಅವನು ಆಂಟಿಯ ಊರುಗೋಲನ್ನು ಒದ್ದ. ಅದು ನನ್ನ ಕಾಲವರೆಗೆ ಉರುಳಿ ಬಂತು. ಎತ್ತಿಕೊಂಡೆ. ಅಲ್ಲಿಗೆ ಹೋಗಿ ಕೊಡಲಿಲ್ಲ.

ಜೂನ್ 13

ಆಂಟಿ ಕೋಲು ಈಸಿಕೊಂಡರು. ಬೈಯಲಿಲ್ಲ. ಅದೇ ಕಷ್ಟ.

"ಯಾಕವಾ ತಾರಾ, ಹಿಂದ ಯಾಕ ಓಡ್ತಿ? ಹೆಂಗಸರ ಸೀಟು ಮುಂದ ಇರ್ತಾವ. ಹುಟ್ಟಿದಾಗಿಂದ ಹಂಗs ಕುಂತೀನಿ."

"ಅದು ಅಲ್ಲಿ ಆಂಟಿ. ಈ ದೇಶದಲ್ಲಿ ಹಾಗೇನಿಲ್ಲ."

"ಅಲ್ಲೇನು ಸೀಟು ಯಾರರ ತಂದು ಕೈಯಾಗ ಕೊಟ್ಟಿದ್ರೇನು? ಗದಗ ಸ್ಟ್ಯಾಂಡಿನ್ಯಾಗ ಕಿಟಕಿಯಿಂದ ಕರ್ಚೀಫು ಒಗದು ಸೀಟು ಹಿಡದಾಕಿ ನಾ. ಒಮ್ಮೆ ಕರ್ಚೀಫು ಸಿಗಲಿಲ್ಲ, ಇಕ್ರಾಮನ್ನs ಕಿಟಕಿಯೊಳಗ ಇಳಿಸಿದೆ. ಎಂಟು ತಿಂಗಳ ಕೂಸು. ಹುಬ್ಬಳ್ಳಿತನಕ ಸೀಟು ಕಾದಾನ ನೋಡು, ಮಗಾ!"

ನಕ್ಕೆ. ಡ್ರೈವರ್ ಬದರಿನಾಥ್ ಅಂಕಲ್ ಕೂಡ ನಕ್ಕರು. ಮಂಡ್ಯದವರು, ಎಲ್ಲ ಅರ್ಥವಾಗುತ್ತದೆ. ಆಮೇಲೆ ಮೆಲ್ಲಗೆ: "ಹಿಂದೆ ಕೂತ್ಬುಡಿ ತಾಯಿ. ಸುಮ್ನೆ ಯಾಕೆ ತಂಟೆ? ನಿಮ್ ಒಳ್ಳೇದಕ್ಕೇ ಹೇಳ್ತಿರೋದು."

"ನೀ ರೋಡ್ ನೋಡಪಾ."

ಜೂನ್ 16, ಶುಕ್ರವಾರ

ಈಗಲೇ ಬರೆದುಬಿಡಬೇಕು.

ಇವತ್ತು ಕರ್ಚೀಫಿನ ಹತ್ತಿರ ಹೋಗಲೇ ಇಲ್ಲ. ನೇರ ಹಿಂದೆ ಹೋದೆ. ಆಂಟಿ ತಿರುಗಿ ನೋಡಿದರು.

ಅವನು ಹತ್ತಿದ. "ಬ್ಯಾಕ್." ಆಂಟಿ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು. ಎರಡನೇ ಸಲ ಹೇಳಲಿಲ್ಲ. ಮುಷ್ಟಿಯಿಂದ ಹೊಡೆದ. ತಲೆ ಕಬ್ಬಿಣದ ಕಂಬಕ್ಕೆ ಬಡಿಯಿತು — ತೆಂಗಿನಕಾಯಿ ಒಡೆದ ಶಬ್ದ. ತಲೆವಸ್ತ್ರ ಹಿಡಿದು ಎಬ್ಬಿಸಿ, ದವಡೆಗೆ ಮತ್ತೊಂದು. ಆಂಟಿ ಸೀಟಿನ ಸಂದಿಯಲ್ಲಿ ಬಿದ್ದರು. ಆಗಲೂ ಒದ್ದ. ಕಿತ್ತಳೆ ಲೇಸಿನ ಕಾಲು.

ಯಾರೂ ಏಳಲಿಲ್ಲ. ಬಸ್ಸು ನಿಂತಿತು, ಬಾಗಿಲು ತೆರೆಯಿತು, ಇಳಿದು ಹೋದ. ಓಡಲಿಲ್ಲ. ನಡೆದೇ ಹೋದ.

ಆಮೇಲೆ ಹತ್ತಿರ ಹೋದೆ. ಬಾಯಿ ತುಂಬ ರಕ್ತ. ಇನ್ನೂ ರೋಜಾ ತಿಂಗಳು, ಉಪವಾಸದಲ್ಲಿದ್ದರು. ರಕ್ತವನ್ನು ನುಂಗಲಿಲ್ಲ. ಕರ್ಚೀಫಿಗೆ ಉಗಿದರು, ಮತ್ತೆ ಉಗಿದರು. ಒಂದು ಹಲ್ಲು ಬಂತು. ಯಾರೋ ನೀರು ಕೊಟ್ಟರೆ ತಲೆಯಾಡಿಸಿದರು, ಬೇಡ.

ಪೊಲೀಸಿನವಳು ನನ್ನನ್ನು ಕೇಳಿದಳು. ನನ್ನ ವೀಸಾ ಮುಗಿಯಲು ಇನ್ನು ಐದು ತಿಂಗಳು. ಕೇಸು, ಕೋರ್ಟು, ಹೆಸರು... "ನಾನು ಹಿಂದೆ ಇದ್ದೆ. ಏನೂ ನೋಡಲಿಲ್ಲ" ಅಂದೆ. ತನ್ನ ನಂಬರಿನ ಕಾರ್ಡು ಕೊಟ್ಟು ಹೋದಳು.

ಎಂ.ಎ.ಗೆ ಪ್ರತಿರೋಧದ ಸಾಹಿತ್ಯದ ಮೇಲೆ ನಲವತ್ತು ಪುಟ ಬರೆದವಳು ನಾನು. ಅಡಿಟಿಪ್ಪಣಿ ಸಮೇತ.

ಜೂನ್ 26. ಈದ್

ಹತ್ತು ದಿನ ಬರೆಯಲಿಲ್ಲ. ಬಸ್ಸಿನಲ್ಲೂ ಹೋಗಲಿಲ್ಲ, ಫ್ಲಾಟ್‌ಮೇಟ್ ಕಾರು. ಇವತ್ತು ಕೆಲಸ ಮುಗಿಸಿ ಆಂಟಿಯ ಮನೆಗೆ ಹೋದೆ.

ದವಡೆಗೆ ತಂತಿ ಬಿಗಿದಿದ್ದಾರೆ. ಮುಖದ ಅರ್ಧ ನೇರಳೆ. ಹಬ್ಬದ ಶೀರ್ ಕುರ್ಮಾ ಪಾಯಸವನ್ನು ಸೋಸಿ ಸ್ಟ್ರಾದಲ್ಲಿ ಕುಡಿಯುತ್ತಿದ್ದರು. ಸೊಸೆ ರುಮೈಸಾ ನನಗೂ ಒಂದು ಬಟ್ಟಲು ತಂದಿಟ್ಟಳು.

"ಕ್ಯಾಮೆರಾದಾಗ ಬರೇ ಹುಡ್ ಕಾಣ್ತದಂತ ಅಕ್ಕಾ. ಮುಖ ಇಲ್ಲ. ಅತ್ತಿಯಾರೂ ಕಿಟಕಿ ಕಡೆ ನೋಡ್ತಿದ್ರಂತ, ಮುಖ ಕಂಡಿಲ್ಲ. ಅವನs ಅಂತ ಹೇಳಾವ್ರು ಒಬ್ರರ ಬೇಕಂತ. ಬಸ್ಸಿನ್ಯಾಗ ಯಾರೂ ನೋಡಿಲ್ಲಂತಾರ." ಚಮಚ ಕೊಡುತ್ತಾ, "ನೀವೂ ಹಿಂದ ಇದ್ರೆಲಾ?"

"ಹೂಂ. ಹಿಂದೆ."

ಆಂಟಿ ನನ್ನನ್ನೇ ನೋಡುತ್ತಿದ್ದರು. ಆ ದಿನ ನನ್ನ ಕಣ್ಣು ಅವರ ಕಣ್ಣಿಗೆ ಸಿಕ್ಕಿತ್ತು. ಅವರಿಗೆ ಗೊತ್ತು. ಸೊಸೆಗೆ ಹೇಳಿಲ್ಲ.

ಹೊರಡುವಾಗ ದಿಂಬಿನ ಕೆಳಗಿನಿಂದ ಕರ್ಚೀಫು ತೆಗೆದರು. ಒಗೆದು ಇಸ್ತ್ರಿ ಮಾಡಿದ್ದಾರೆ. ಕಲೆ ಪೂರ್ತಿ ಹೋಗಿಲ್ಲ, ಕಂದು. ತಂತಿಯ ಹಿಂದಿನಿಂದ, ಹಲ್ಲು ಬಿಡಿಸದೆ: "ಸೀಟು... ಹಿಡಿ. ಬರ್ತೀನಿ."

ಜೂನ್ 27

ಹಿಡಿದೆ. ಅಂದರೆ ಕರ್ಚೀಫು ಹಾಸಿ ನಾನು ಹಿಂದೆ ಹೋದೆ.

ಅವನು ಬಂದ. ಅದೇ ಸ್ಟಾಪು, ಅದೇ ಹುಡ್. ಕರ್ಚೀಫು ನೋಡಿದ, ಅದರಿಂದ ಬೂಟು ಒರೆಸಿಕೊಂಡು ನೆಲಕ್ಕೆ ಎಸೆದ. ಆಗ ಆ ಫಿಲಿಪಿನೋ ವೆಲ್ಡರ್ ಎದ್ದ. ಮುಂದೆ ಹೋಗಿ ಎತ್ತಿ, ಕೊಡವಿ, ಮತ್ತೆ ಹಾಸಿ, ಮಾತಿಲ್ಲದೆ ಬಂದು ಕೂತ. ಅವನು ಮತ್ತೆ ಎಸೆದ. ಸಮೋವಾ ದ್ವೀಪದ ಹೆಂಗಸೊಬ್ಬಳು ಎದ್ದು ಹೋದಳು. ಹಾಸಿದಳು. ಎಸೆದ...

ಪೆನ್‌ರೋಸ್ ಬರುವವರೆಗೆ ಆರು ಸಲ. ಆರರಲ್ಲಿ ನಾನಿಲ್ಲ.

ಜೂನ್ 29

ಮುಂದಿನ ಎಲ್ಲ ಸೀಟಿನ ಮೇಲೂ ಬಟ್ಟೆ! ಸ್ಕಾರ್ಫು, ಟೀ ಟವೆಲ್, ಮಗುವಿನ ಕೊರಳಿಗೆ ಕಟ್ಟುವ ಬಿಬ್. ಮುಂದೆ ಕೂರುತ್ತಿದ್ದ ಬಿಳಿಯ ಮುದುಕಿ ತನ್ನ ಉಲ್ಲನ್ ಟೋಪಿ ತೆಗೆದು ಸೀಟಿನ ಮೇಲಿಟ್ಟು, ಹಿಂದೆ ಬಂದು ನನ್ನ ಪಕ್ಕ ಕೂತಳು. "ಮೈ ನೇಮ್ಸ್ ಆನ್ ಇಟ್ ನೌ" ಅಂದಳು, ಆ ಸೀಟಿಗೆ ಈಗ ತನ್ನ ಹೆಸರಿದೆ ಅಂತ. ಮುಂದೆ ಪೂರ್ತಿ ಖಾಲಿ. ಅವನು ಒಬ್ಬನೇ ಕಂಬ ಹಿಡಿದು ನಿಂತಿದ್ದ. ಕತ್ತು ಕೆಂಪು.

ಕರ್ಚೀಫು ಹಾಸಿದ್ದಕ್ಕೆ ಬದರಿನಾಥ್ ಅಂಕಲ್ ಗೊಣಗಿದರು: "ಏನ್ ಹಚ್ಕೊಂಡ್ಯಮ್ಮಾ ಇದು..." ಆದರೆ ತೆಗೆಯಿರಿ ಅನ್ನಲಿಲ್ಲ.

ಜೂನ್ 30

ಹತ್ತಿದವನೇ ಎಲ್ಲ ಕಿತ್ತು ಎಸೆದ. ಬಿಬ್ಬನ್ನು ಹಲ್ಲಿನಿಂದ ಹರಿದ. ವೆಲ್ಡರ್ ಎಂದಿನಂತೆ ಬಗ್ಗಿ ಆಂಟಿಯ ಕರ್ಚೀಫನ್ನು ಎತ್ತಲು ಹೋದ. ಕೈ ಬಟ್ಟೆಯ ಮೇಲಿತ್ತು. ಬೂಟು ಅದರ ಮೇಲೆ ಬಂತು. ಒಂದು ಸಲವಲ್ಲ. ಹಿಮ್ಮಡಿಯಿಂದ, ತಿರುಚಿ ತಿರುಚಿ. ಬೆರಳು ಮುರಿಯುವುದು ಕೇಳಿಸುತ್ತದೆ, ಗೊತ್ತಿರಲಿಲ್ಲ. ವೆಲ್ಡರ್ ಇನ್ನೊಂದು ಕೈ ಎತ್ತಲಿಲ್ಲ. ಆ ವೆಲ್ಡರ್‌ನ ತೋಳು ನನ್ನ ಸೊಂಟದಷ್ಟಿದೆ. ಎತ್ತಲಿಲ್ಲ. ಮುಖದ ಮೇಲೆ ಮೊಣಕಾಲು ಬಿತ್ತು, ಮೂಗು ಮುರಿಯಿತು, ಆದರೂ ಬಟ್ಟೆ ಬಿಡಲಿಲ್ಲ.

ಅವನು ಮತ್ತೆ ಇಳಿದು ಹೋದ. ಮತ್ತೆ ನಡೆದು.

ಆಂಬುಲೆನ್ಸ್ ಬರುವವರೆಗೆ ಮೆಟ್ಟಿಲ ಮೇಲೆ ನಿಂತಿದ್ದೆ. ಬದರಿನಾಥ್ ಅಂಕಲ್ ಸ್ಟೇರಿಂಗ್ ಬಿಟ್ಟಿರಲಿಲ್ಲ.

"ಹೇಳಿಕೆ ಕೊಡ್ತೀರಾ ಅಂಕಲ್?"

"ಕಂಪನೀಲಿ ಕೇಳ್ಬೇಕಮ್ಮ." ಆಮೇಲೆ, "ನೀನು?"

ವೆಲ್ಡರ್ ಎಡಗೈಯಿಂದ ಕರ್ಚೀಫನ್ನು ನನಗೆ ಕೊಟ್ಟ. ಹಳೇ ಕಂದಿನ ಪಕ್ಕ ಹೊಸ ಕೆಂಪು.

ಜುಲೈ 2, ಭಾನುವಾರ. ಸಂಜೆ 4

ಕಾರ್ಡಿನ ನಂಬರಿಗೆ ಫೋನ್ ಮಾಡಿದೆ. ಆ ಪೊಲೀಸಿನವಳೇ ಎತ್ತಿದಳು. ಹದಿನಾರರಂದು ಸುಳ್ಳು ಹೇಳಿದೆ ಅಂದೆ. ಎಲ್ಲ ನೋಡಿದೆ. ಬಲಕ್ಕೆ ಕಪ್ಪು, ಎಡಕ್ಕೆ ಕಿತ್ತಳೆ, ತುದಿ ಸುಟ್ಟಿದ್ದು. ಎರಡೂ ದಿನ ಅದೇ ಬೂಟು. ಕೋರ್ಟಿನಲ್ಲಿ ಹೇಳುತ್ತೀಯಾ ಎಂದಳು. ಹೂಂ ಅಂದೆ. ವೀಸಾದ ಬಗ್ಗೆ ಕೇಳಬೇಕೆಂದಿದ್ದೆ, ಕೇಳಲಿಲ್ಲ.

ಹುಡುಕುತ್ತೇವೆ ಅಂದಳು. ನಾಳೆಯೊಳಗೆ ಸಿಗುತ್ತಾನೆಂದು ಹೇಳಲಾರೆ, ಬೇರೆ ಬಸ್ಸಿನಲ್ಲಿ ಹೋಗು ಅಂದಳು.

ಕರ್ಚೀಫು ಒಗೆದೆ. ಹೀಟರ್ ಮೇಲೆ ಒಣಗುತ್ತಿದೆ. ಆಂಟಿಗೆ ಎದ್ದು ಓಡಾಡಲು ಇನ್ನೂ ಒಂದು ತಿಂಗಳು.

ಸೀಟಿಗೆ ಬಟ್ಟೆ ಹಾಕುವುದೇಕೆ, ಯಾರೋ ಬಂದು ಕೂರುತ್ತಾರೆ ಅಂತ. ಇಷ್ಟು ದಿನ ಹಾಕಿದೆವು. ಕೂರಲು ಯಾರೂ ಹೋಗಲಿಲ್ಲ.

ಅಲಾರಂ ಐದಕ್ಕೆ. 5:50ರದ್ದೇ ಬಸ್ಸು. ಕರ್ಚೀಫು ಕೋಟಿನ ಜೇಬಿನಲ್ಲಿರಲಿ, ನಾಳೆ ಅದನ್ನು ಹಾಸುವುದಿಲ್ಲ. ಡ್ರೈವರ್ ಹಿಂದಿನ ಮೊದಲ ಸೀಟು. ಮೂರನೇ ಸ್ಟಾಪು ಬಂದಾಗ ನಾನು ಏಳುವುದಿಲ್ಲ.