ಹೊಳೆಯ ಮಗುವಿಗೆ ಒಲೆಯ ಸುತ್ತು

ನಗರದ ಪವಿತ್ರ ಒಲೆಯನ್ನು ಕಾಯುವ ಮಾನ್ಯ ಅಧಿಕಾರಿಗಳೇ,

ನನ್ನ ಮೊಮ್ಮಗಳನ್ನು ನಾಳೆ ಸಂಜೆಯೊಳಗೆ ಬೆಟ್ಟದ ಮೇಲೆ ಬಿಟ್ಟುಬರಬೇಕೆಂದು ಅಪ್ಪಣೆ ಮಾಡಿದ್ದೀರಿ. ತನ್ನ ಕೂಸೆಂದು ಒಪ್ಪಿ, ಅವಳನ್ನು ಎತ್ತಿಕೊಂಡು ಒಲೆ ಸುತ್ತಲು ತಂದೆ ಬರಲಿಲ್ಲ. ತಂದೆ ಒಪ್ಪದ ಕೂಸಿಗೆ ಹೆಸರಿಲ್ಲ, ಹೆಸರಿಲ್ಲದ್ದಕ್ಕೆ ಊರಿಲ್ಲ. ಹೆಣ್ಣು ಹುಟ್ಟಿತೆಂದು ನಮ್ಮ ಬಾಗಿಲಿಗೆ ಕಟ್ಟಿದ ಉಣ್ಣೆ ಇನ್ನೂ ಬೆಳ್ಳಗೇ ಇದೆ.

ತಂದೆ ಯಾರೆಂದು ಊರಿಗೇ ಗೊತ್ತು: ಅರ್ಗೀಸ ಹೊಳೆಯ ದೇವರು. ನನ್ನ ಮಗಳು ಲಿಸಿಲ್ಲಾ ಅವನನ್ನು ವರಿಸಿದಾಗ ನೀವೂ ಮನೆಗೆ ಬಂದು, ಜೇನು ಬೆರೆಸಿದ ಎಳ್ಳುಂಡೆ ತಿಂದು ಹರಸಿದ್ದಿರಿ. ಆಮೇಲೆ ನಿಮ್ಮ ಅಮೃತಶಿಲೆಯ ಗಣಿಗೆ ನೀರು ಬೇಕಾಯಿತು. ಹೊಳೆಗೆ ಅಡ್ಡಗಟ್ಟೆ ಹಾಕಿಸಿದಿರಿ. ಒಂದು ಬೆಳಗ್ಗೆ ಅವನು ಸತ್ತಿದ್ದ. ಹೆಣ ಸಿಗಲಿಲ್ಲ. ಬಿರುಕುಬಿಟ್ಟ ಕೆಸರಿನ ಮೇಲೆ ಆಳುದ್ದದ ಒದ್ದೆ ಗುರುತಿತ್ತು. ಬಿಸಿಲೇರಿದಂತೆ ಅದೂ ಆರಿತು. ಮಗಳು ಅದರ ಪಕ್ಕದಲ್ಲೇ ಕೂತಿದ್ದಳು, ತುಂಬಿದ ಬಸುರಿ.

ಮೊನ್ನೆ ಕೂಸನ್ನೆತ್ತಿಕೊಂಡು ನಿಮ್ಮ ಬಾಗಿಲಿಗೆ ಬಂದೆವು.

"ಅಪ್ಪ ಎಲ್ಲಮ್ಮಾ?" ಎಂದ ಕಾವಲಿನವನು.

"ಕಟ್ಟೆ ಕಟ್ಟಿದೋರು ನೀವೇ ಅಲ್ವೇನಪ್ಪಾ? ಅಲ್ಲೇ ಹೋಗಿ ಕೂಗು, ಓ ಅಂದ್ರೆ ಕರ್ಕೊಂಡು ಬಾ," ಎಂದಳು ಲಿಸಿಲ್ಲಾ.

ಒಳಗಿನಿಂದ ತಾವು ಬಂದಿರಿ. "ನೋಡು ತಾಯಿ, ದೇವರು ಸಾಯೋದಿಲ್ಲ. ಬರಲಿಲ್ಲ ಅಂದ್ರೆ ಒಪ್ಪಲಿಲ್ಲ ಅಂತಲೇ ಅರ್ಥ. ನಾನೇನು ಮಾಡ್ಲಿ?"

ಎಂಥ ಭಕ್ತಿ! ದೇವರು ಸಾಯುವುದಿಲ್ಲವೆಂದು ಅಷ್ಟು ಗಟ್ಟಿಯಾಗಿ ನಂಬುವವರು, ಹರಿಯುವ ದೇವರ ಕುತ್ತಿಗೆಯ ಮೇಲೆ ಕಲ್ಲು ಪೇರಿಸುವಾಗ ಒಂದು ಮಾತು ಅವನನ್ನು ಕೇಳಿದಿರಾ? ಅವನು ಒಪ್ಪಿದ್ದನೇ? ಕಡಲಲ್ಲಿ ಮುಳುಗಿದವನ ಮಗುವನ್ನು ಅವನ ಮೇಲುಹೊದಿಕೆಯಲ್ಲಿ ಸುತ್ತಿ ಮನೆಯವರೇ ಒಲೆ ಸುತ್ತುವ ಪದ್ಧತಿ ನಮ್ಮಲ್ಲಿ ಇಲ್ಲವೇ? ಈ ಬಂದರಿನ ಅರ್ಧ ಮಕ್ಕಳು ಹಾಗೆಯೇ ಹೆಸರು ಪಡೆದವರು. ತಮ್ಮನ್ನೂ ಹಾಗೆಯೇ ಎತ್ತಿಕೊಂಡು ಒಲೆ ಸುತ್ತಿದ್ದು ತಮ್ಮ ಸೋದರಮಾವ. ನಾನಾಗ ಚಿಕ್ಕವಳು, ನೋಡುತ್ತ ನಿಂತಿದ್ದೆ. ಹೊದಿಕೆಯಿಂದ ಉಪ್ಪಿನ ವಾಸನೆ ಬರುತ್ತಿತ್ತು. ನಿಮ್ಮ ತಂದೆ ಒಪ್ಪಿದರೋ ಇಲ್ಲವೋ ಎಂದು ಅಂದು ಯಾರೂ ಕೇಳಲಿಲ್ಲ.

ದೇವರು ಹೊದಿಕೆ ಬಿಟ್ಟುಹೋಗಲಿಲ್ಲ, ನಿಜ. ಆದರೆ ಕಟ್ಟೆ ಏಳುವ ಮುಂಚೆ ತುಂಬಿಟ್ಟ ಒಂದು ಹೂಜಿ ಹೊಳೆನೀರು ನಮ್ಮ ಅಡುಗೆಮನೆಯಲ್ಲಿದೆ. ಯಾರೂ ಕುಡಿದಿಲ್ಲ.

ನಾಳೆ ಬೆಳಗ್ಗೆ ಲಿಸಿಲ್ಲಾಳ ಮದುವೆಯ ಬಟ್ಟೆಯ ಅಂಚನ್ನು ಆ ನೀರಿನಲ್ಲಿ ಅದ್ದಿ, ಅದರಲ್ಲಿ ಕೂಸನ್ನು ಸುತ್ತಿ, ನಾನೇ ನಿಮ್ಮ ಒಲೆಯ ಬಳಿಗೆ ಬರುತ್ತೇನೆ. ಬಾಗಿಲು ತೆರೆಸಿ, ಹೆಸರು ಕೂಗಿಸಿ. ಇಲ್ಲವೇ ಎಲ್ಲರೆದುರು ನಿಮ್ಮ ಕೈಯಾರೆ ಅವಳನ್ನೆತ್ತಿಕೊಂಡು ಬೆಟ್ಟ ಹತ್ತಿ. ಬಟ್ಟೆ ಒದ್ದೆಯಿರುತ್ತದೆ, ಅವಳ ತಂದೆ ನಿಮ್ಮ ತೋಳಿಗೂ ತಾಗುತ್ತಾನೆ.

ಇಂತಿ,
ಹೊಳೆಯೊಂದಕ್ಕೆ ಅತ್ತೆಯಾಗಿದ್ದ
ಫಿಲಿನ್ನಾ