ಬಿಳಿ ಗೋಡೆಯ ಮೇಲಿನ ಚುಕ್ಕೆ

ಪಾಟನ್, ಫಾಗುನ್ ೯

ಮುದ್ದಿನ ರೋಜಿನಾ,

ಹೇಗಿದ್ದೀಯ ಮಗಳೇ? ಪೋಖರಾದ ಕೆರೆಗಾಳಿಗೆ ನಿನ್ನ ಕೆಮ್ಮು ಮರುಕಳಿಸಿಲ್ಲ ತಾನೆ? ಹೊತ್ತಿಗೆ ಸರಿಯಾಗಿ ಉಣ್ಣು. ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಬರೆದಿದ್ದೇನೆ. ನಿನ್ನಮ್ಮ ಹೋದಾಗಲೇ ಮನೆ ಖಾಲಿಯಾಯಿತು ಅಂದುಕೊಂಡಿದ್ದೆ. ಖಾಲಿ ಅಂದರೆ ಏನು ಅಂತ ನೀನು ಹೋದ ಈ ಐದು ತಿಂಗಳಲ್ಲಿ ತಿಳಿಯಿತು. ಒಬ್ಬನಿಗೆ ಒಲೆ ಯಾಕೆ ಹಚ್ಚಲಿ ಅಂತ ಅವಲಕ್ಕಿ, ಹುರಿದ ಸೋಯಾ ತಿಂದು ಮಲಗುತ್ತೇನೆ. ಜಗಳವಾಡುವುದಕ್ಕಾದರೂ ಇನ್ನೊಬ್ಬರು ಬೇಕಲ್ಲ.

ಕ್ಯಾಮೆರಾ ಅಂಗಡಿ ನಡೆಯುತ್ತಿದೆ. ಈ ಸಲ ಚಳಿಗಾಲದ ಮಳೆ ಬೀಳಲೇ ಇಲ್ಲ. ಬೆಟ್ಟ ಹತ್ತಿ ಇಳಿದವರೆಲ್ಲ ಕ್ಯಾಮೆರಾದೊಳಗೆ ಅರ್ಧ ರಸ್ತೆಯ ಧೂಳನ್ನೇ ತುಂಬಿಕೊಂಡು ಬರುತ್ತಾರೆ. ಕೆಲಸ ನೀನು ಬಲ್ಲ ಹಾಗೆಯೇ. ಕಿಟಕಿ ಮುಚ್ಚಿ, ನೆಲ ಒರೆಸಿ, ಬ್ಯಾಟರಿ ತುಂಬಿದೆಯೇ ನೋಡುವುದು (ನಡುವೆ ಮುಗಿದರೆ ಮೇಲೆತ್ತಿದ ಒಳಗಿನ ಕನ್ನಡಿ ಪಟ್ಟನೆ ಬೀಳುತ್ತದಲ್ಲ), ಕ್ಯಾಮೆರಾ ಬೋರಲು ಹಿಡಿದು, ಒಳಗೆ ಪಟ ಮೂಡುವ ಸೆನ್ಸರಿಗೆ ರಬ್ಬರ್ ಬುರುಡೆಯಿಂದ ಗಾಳಿ ಬಿಡುವುದು. ಅದಕ್ಕೂ ಬಗ್ಗದ ಧೂಳಿಗೆ ಮಾತ್ರ ಎರಡು ಹನಿ ದ್ರಾವಣ ಹಾಕಿದ ಪಟ್ಟಿ, ಒತ್ತದೆ, ಒಂದೇ ಎಳೆತ. ಬಾಯಿಗೆ ಬಟ್ಟೆ. ನಾವು ತಲೆಮಾರುಗಳಿಂದ ಚಿತ್ರಕಾರರು, ದೇವಿಯ ಮುಖಕ್ಕೆ ಕಣ್ಣು ಬರೆಯುವಾಗ ಉಸಿರು ತಾಗಬಾರದು ಅಂತ ನನ್ನಪ್ಪ ನನಗೆ ಕಲಿಸಿದ. ಸೆನ್ಸರೂ ಕಣ್ಣೇ ಅಂತ ನಾನು ನಿನಗೆ ಕಲಿಸಿದೆ.

ಅದಕ್ಕೇ ಅವತ್ತು ಅಷ್ಟು ಸಿಟ್ಟು ಬಂತು. ನೀನು ಕ್ಲೀನ್ ಮಾಡಿದ ಕ್ಯಾಮೆರಾದಲ್ಲಿ ಪರೀಕ್ಷೆಗೆ ಬಿಳಿ ಗೋಡೆಯ ಪಟ ತೆಗೆದು ನೋಡಿದರೆ ಎಡಕ್ಕೊಂದು ಕಂದು ಚುಕ್ಕೆ. "ಬಿಸಿ ಹಾಲು ಊದೋ ಹಾಗೆ ಬಾಯಲ್ಲಿ ಊದಿದ್ಯೇನೇ? ಚಿತ್ರಕಾರರ ಮನೇಲಿ ಹುಟ್ಟಿದ್ದೇ ದಂಡ!" ಅಂದೆ, ಗಿರಾಕಿಯ ಎದುರಿಗೇ. ನೀನು "ಉಸಿರೇ ಬಿಟ್ಟಿಲ್ಲಪ್ಪ, ಅಮ್ಮನಾಣೆ" ಅಂದೆ. "ಸತ್ತವಳ ಆಣೆ ಬೇರೆ ಕೇಡು" ಅಂದುಬಿಟ್ಟೆ. ಗಿರಾಕಿ "ಸಾಹುಜೀ, ನಂಗೇನೂ ಕಾಣ್ತಿಲ್ಲ, ಚೆನ್ನಾಗೇ ಇದೆ" ಅಂತ ತೆಗೆದುಕೊಂಡು ಹೋದ. ಒಳ್ಳೆಯವನು, ಮರ್ಯಾದೆಗೆ ಹೇಳಿದ ಅಂದುಕೊಂಡೆ. ಮರುದಿನ ನೀನು ಬಸ್ಸು ಹತ್ತಿದೆ.

ಕೆಳಮನೆಯ ಚಿಕ್ಕಮ್ಮ ನಿನ್ನನ್ನು ಕೇಳಿದಳು. ನಮ್ಮ ಕೇರಿಯ ಅಜಿಮಾ ದೇವಿ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಚಿನಿಕಾಜಿ

ಬರೆಯಲು ಮರೆತಿದ್ದೆ. ಮರೆತಿದ್ದೆ ಅಂತ ಸುಳ್ಳು ಯಾಕೆ, ಬರೆಯಲು ಕೈ ಬರಲಿಲ್ಲ. ಆ ಚುಕ್ಕೆ ಆಮೇಲೂ ಆಗಾಗ ಕಾಣುತ್ತಿತ್ತು, ಧೂಳೇ ಅಂದುಕೊಂಡು ಒರೆಸುತ್ತಿದ್ದೆ. ಮೊನ್ನೆ ಮೂರು ಕ್ಯಾಮೆರಾ ಕ್ಲೀನ್ ಮಾಡಿದೆ, ಮೂರರಲ್ಲೂ ಅದೇ ಚುಕ್ಕೆ. ತಲೆಯೆತ್ತಿದರೆ ಗೋಡೆಯ ಮೇಲೂ ಇತ್ತು. ಬಲಗಣ್ಣು ಮುಚ್ಚಿದೆ, ಮಾಯ. ಚುಕ್ಕೆ ನನ್ನ ಕಣ್ಣಲ್ಲಿತ್ತು ಮಗಳೇ. ನೀನು ಉಸಿರು ಬಿಟ್ಟಿರಲಿಲ್ಲ. ನನ್ನದು ತಪ್ಪಾಯಿತು. ಸಕ್ಕರೆ ಕಾಯಿಲೆ ಕಣ್ಣಿಗಿಳಿದಿದೆ, ಹೋದದ್ದು ಬರುವುದಿಲ್ಲ ಅಂದರು ಡಾಕ್ಟರು. ಚೈತ್ರದ ಪೂಜೆಗೆ ಅಜಿಮಾಳ ಮುಖಕ್ಕೆ ಬಣ್ಣ ಹಾಕಿದ್ದೇನೆ, ಕಣ್ಣು ಬರೆದಿಲ್ಲ, ಅದನ್ನು ನಿನಗೇ ಬಿಟ್ಟಿದ್ದೇನೆ. ಹೆಣ್ಣುಮಕ್ಕಳು ಬರೆಯುವ ವಾಡಿಕೆಯಿಲ್ಲ ಅಂತ ಹಿರಿಯರು ಗೊಣಗಿದರು. "ಉಸಿರು ಹಿಡಿಯೋದು ನನ್ನ ಮಗಳಷ್ಟು ಯಾರಿಗೆ ಬರುತ್ತೆ?" ಅಂದೆ, ಎಲ್ಲರ ಎದುರಿಗೇ. ಬಾಯಿಗೆ ಕಟ್ಟುವ ಬಟ್ಟೆ ಒಗೆದಿಟ್ಟಿದ್ದೇನೆ. ಬಾ.