ಸುಲೋಚನಾ ಎಂಬ ಹೆಸರನ್ನು ಒತ್ತೆ ಇಡಬೇಡಿ

ಬೀಜಮನೆ, ಹೊಳೆಹಿತ್ತಲು
ಫೆಬ್ರವರಿ ೩೦, ೨೨೧೪

ಸುಲೋಚನಾ ಬ. ಮುದೇನೂರ ಅಕ್ಕನವರಿಗೆ,

ಬರುವ ಶುಕ್ರವಾರ ನಿಮ್ಮ ಬೀಜ ಸಂಘದ ಆಡಳಿತ ಮಂಡಳಿ ನಿಮ್ಮನ್ನು ಒಂದು ಮಾತೂ ಕೇಳದೆ ನಿಮ್ಮ ಹೆಸರನ್ನು ಒತ್ತೆ ಇಡುತ್ತದೆ. ಇದು ಅನ್ಯಾಯ. ನಿಮಗೂ ಅನ್ಯಾಯ, ನಿಮ್ಮ ನಂತರ ಆ ಹೆಸರನ್ನು ಹೊರಬೇಕಾಗಿ ಬಂದ ಹೆಣ್ಣುಮಕ್ಕಳಿಗೂ ಅನ್ಯಾಯ. ನಿಮ್ಮನ್ನೂ ಸೇರಿಸಿ ಈವರೆಗೆ ಏಳು ಸುಲೋಚನಾಗಳಾಗಿದ್ದಾರೆ. ಎಂಟನೆಯವಳಾಗಿ ನನ್ನನ್ನು ಆರಿಸಿದ್ದಾರೆ.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ, ಬಲ್ಲೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳು ಯಾವ ತಿಂಗಳಿಗೂ ಸೇರದ ರಜೆ. ನನ್ನ ಮಾತುಗಳಲ್ಲೂ ನಿಮಗೆ ಗೊತ್ತಿಲ್ಲದ ಕೆಲವು ಸೇರಿಕೊಂಡಾವು, ಕ್ಷಮಿಸಿ. ನೀವು ಡೇಟಾಬೇಸ್ ಎನ್ನುವುದನ್ನು ನಾವು ಕಣಜ ಎನ್ನುತ್ತೇವೆ. ಈಗ ನಿಮ್ಮ ಕೈಯಲ್ಲಿರುವುದು ಹಿಂಚೀಟಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ನಮ್ಮ ಊರಲ್ಲಿ ವಯಸ್ಸಿಗೆ ಬಂದವರಿಗೆಲ್ಲ ಜೀವಮಾನಕ್ಕೆ ಒಂದು ಸಿಗುತ್ತದೆ. ಹೆಚ್ಚಿನವರು ತೀರಿಹೋದ ಅಜ್ಜಿಗೆ ಕ್ಷೇಮ ಸಮಾಚಾರ ಬರೆದು ಮುಗಿಸುತ್ತಾರೆ. ನಮ್ಮಣ್ಣ ತನ್ನದನ್ನು ಒಬ್ಬ ಮುತ್ತಜ್ಜಿಗೆ ಕಳಿಸಿ ಉಪ್ಪಿನಕಾಯಿಗೆ ಸಾಸಿವೆ ಎಷ್ಟು ಹಾಕಬೇಕೆಂದು ಕೇಳಿದ. ಉತ್ತರ ಮುಂದಕ್ಕೆ ಬರುವ ದಾರಿಯಿಲ್ಲ ಎಂಬುದನ್ನೇ ಮರೆತಿದ್ದ. ನನ್ನದನ್ನು ನಿಮಗೆ ಕಳಿಸುತ್ತಿದ್ದೇನೆ.

ನಾವು ಹೇಗೆ ಬದುಕುತ್ತೇವೆ ಎಂದು ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ನಮ್ಮ ಹೊಲಗಳೆಲ್ಲ ನೆರಳುಹೊಲಗಳು. ಮಧ್ಯಾಹ್ನದ ಬಿಸಿಲಿಗೆ ಸಸಿ ಸುಟ್ಟುಹೋಗುವುದರಿಂದ ಗಳ ನೆಟ್ಟು ಹೊಲದ ಮೇಲೆ ಬಟ್ಟೆ ಎಳೆದು ಕಟ್ಟುತ್ತೇವೆ. ಆ ಹೊತ್ತಿಗೆ ಊರೇ ಮಲಗಿರುತ್ತದೆ, ಇಳಿಹೊತ್ತಿಗೆ ಎದ್ದು ರೊಟ್ಟಿ ಬಡಿಯುತ್ತದೆ. ರೊಟ್ಟಿ ಇನ್ನೂ ಜೋಳದ್ದೇ, ಸಂತೋಷಪಡಿ. ಆದರೆ ಜೋಳ ಒಂದೇ ಅಲ್ಲ. ಒಂದು ದಿಬ್ಬದಲ್ಲಿ ಬರುವ ಜೋಳ ಪಕ್ಕದ ತಗ್ಗಿನಲ್ಲಿ ಬರುವುದಿಲ್ಲ. ಅದಕ್ಕೇ ಬಿತ್ತುವ ಮೊದಲು ಪ್ರತಿ ಮನೆಯವರೂ ತಮ್ಮ ಹೊಲದ ಮಣ್ಣನ್ನು ಒಂದು ಹಿಡಿ ತಂದು ಬೀಜಮನೆಯ ಕಿಟಕಿಯಲ್ಲಿ ಕೊಡುತ್ತಾರೆ. ಒಳಗೆ ಕೂತ ಸುಲೋಚನಾ ಆ ಮಣ್ಣಿನ ಗುಣವನ್ನು ಕಣಜಕ್ಕೆ ಹೇಳುತ್ತಾಳೆ. ಈ ಮಣ್ಣಿಗೆ ಯಾವ ಬೀಜ, ಅದರ ತಾಯಿ ಯಾವುದು, ಯಾವ ವರ್ಷದ ಬಿಸಿಲು ತಡೆದಿದೆ ಎಂದು ಕಣಜ ತೋರಿಸುತ್ತದೆ. ನಿಮ್ಮ ಕಾಲದಿಂದ ಇಲ್ಲಿಯವರೆಗಿನ ಬೀಜಗಳ ವಂಶವೆಲ್ಲ ಅದರಲ್ಲಿದೆ. ಬರೆದವರು ನಾವು, ಬೆಳೆದವರು ನಾವು. ತೆರೆಯುವ ಹಕ್ಕು ಮಾತ್ರ ಸುಲೋಚನಾ ಎಂಬ ಒಂದು ಹೆಸರಿಗೆ.

ಹೀಗೆ ಹೇಗಾಯಿತು ಎಂಬುದು ನಮ್ಮ ಊರಿನ ಪ್ರತಿ ಮಗುವಿಗೂ ಬಾಯಿಪಾಠ. ಸುಗ್ಗಿ ಮುಗಿದ ಮೇಲೆ ನಿಮ್ಮ ಆ ಶುಕ್ರವಾರದ ಸಭೆಯನ್ನು ಶಾಲೆಯ ಮಕ್ಕಳು ಆಟವಾಗಿ ಆಡಿ ತೋರಿಸುತ್ತಾರೆ. ಕಣಜದ ತಂತ್ರಾಂಶ ಮಾರುವ ಕಂಪನಿಯ ಏಜೆಂಟನ ವೇಷದವನು ಟೈ ಕಟ್ಟಿಕೊಂಡು ಬಂದು ನಾಲ್ಕು ಬಗೆಯ ಲೈಸೆನ್ಸ್ ವಿವರಿಸುತ್ತಾನೆ. ಎರಡನೆಯದಕ್ಕೆ ಬಂದಾಗ ಅಧ್ಯಕ್ಷ ಈರಬಸಪ್ಪನ ಪಾತ್ರದವನು ಅಂಟಿಸಿಕೊಂಡ ಮೀಸೆ ತೀಡುತ್ತ ಕೇಳುತ್ತಾನೆ:

"ಈ ಹೆಸರಿನ ಮ್ಯಾಲಿಂದು ಅಂದ್ರೇನ್ರಿ?"

"ಯಾರ ಹೆಸರು ಬರೆಸ್ತೀರೋ ಅವರು ಮಾತ್ರ ಬಳಸಬಹುದು ಸರ್. ಅವರು ನಿಮ್ಮ ಸೇವೆಯಲ್ಲಿ ಇರೋವರೆಗೂ ಶಾಶ್ವತ."

"ಶಾಶ್ವತ ಅಂದ್ರ ಶಾಶ್ವತಾನ?"

"ಹೌದು ಸರ್."

"ಹಂಗಾರ ಒಂದ ಹೆಸರು ಸಾಕು ತಗೀರಿ. ಒಂದ ಪಾಸ್‌ವರ್ಡ್ ಇಟಗೊಂಡು ಆಫೀಸಿನ ಮಂದಿ ಎಲ್ಲಾ ಹಂಚ್ಕೋತೀವಿ. ಒಂದ ತಂಬಿಗಿಯೊಳಗ ನಾಕ ಮಂದಿ ನೀರ ಕುಡ್ಯಂಗಿಲ್ಲೇನು?"

"ಯಾರ ಹೆಸರು ಬರೀಲಿ ಸರ್?"

"ನಂದ ಬ್ಯಾಡಪಾ. ನಾಳೆ ಏನರ ಆದ್ರ ನನ್ನ ಹಿಡೀತಾರ."

"ನಂದೂ ಬ್ಯಾಡ್ರಿ," ಎಂದು ನಿರ್ದೇಶಕರೆಲ್ಲ ಒಂದೇ ದನಿಯಲ್ಲಿ ಹೇಳುತ್ತಾರೆ.

"ಇವತ್ತ ರಜಾ ಮ್ಯಾಲ ಯಾರದಾರ?"

"ಸುಲೋಚನಾ ಮೇಡಂ ಅದಾರ್ರಿ. ಬಸುರಿ ತಂಗಿ ಕುಬಸಕ್ಕ ಹೋಗ್ಯಾರ."

"ಬರೀರಿ ಹಂಗಾರ ಅಕಿ ಹೆಸರ!"

ಇಲ್ಲಿ ಚಪ್ಪಾಳೆ ಬೀಳುತ್ತದೆ. ಚಿಕ್ಕವಳಿದ್ದಾಗ ನಾನೂ ತಟ್ಟಿದ್ದೇನೆ. ಈಗ ಆ ಚಪ್ಪಾಳೆ ಕೇಳಿದರೆ ಮೈ ಉರಿಯುತ್ತದೆ.

ಮುಂದೆ ನಡೆದದ್ದು ಆಟದಲ್ಲಿಲ್ಲ. ನೀವು ನಿವೃತ್ತರಾದಾಗ ಸಂಘದವರು ಅದನ್ನು ಕಂಪನಿಗೆ ತಿಳಿಸಲಿಲ್ಲ. ನಿಮ್ಮದೇ ಹೆಸರಿನ ಒಬ್ಬಳನ್ನು ಹುಡುಕಿ ನಿಮ್ಮ ಕುರ್ಚಿಯಲ್ಲಿ ಕೂರಿಸಿದರು. ಅವಳ ನಂತರ ಆ ಹೆಸರಿನವರು ಸಿಗಲಿಲ್ಲ, ಒಬ್ಬ ಹುಡುಗಿಯ ಹೆಸರನ್ನೇ ಬದಲಿಸಿದರು. ಕಂಪನಿಯನ್ನು ಇನ್ನೊಂದು ಕಂಪನಿ ನುಂಗಿತು, ಅದನ್ನು ಮತ್ತೊಂದು ನುಂಗಿತು. ಒಪ್ಪಂದ ಮಾತ್ರ ಯಾರ ಹೊಟ್ಟೆಯಲ್ಲೂ ಕರಗಲಿಲ್ಲ. ವರ್ಷಕ್ಕೊಮ್ಮೆ ಅವರ ಪರಿಶೋಧಕ ಬಂದು ಕಿಟಕಿಯ ಎದುರು ನಿಂತು "ಹೆಸರು?" ಎಂದು ಕೇಳುತ್ತಾನೆ. ಒಳಗೆ ಕೂತವಳು ನಿಮ್ಮ ಹೆಸರು ಹೇಳಬೇಕು.

ನಾಲ್ಕನೆಯ ಸುಲೋಚನಾ ಹಾಗೆ ಹೇಳಿ ಮುಗಿಸಿದ್ದಳಂತೆ. ಪರಿಶೋಧಕ ಇನ್ನೂ ಅಲ್ಲೇ ಚಹಾ ಕುಡಿಯುತ್ತಿದ್ದ. ಹೊರಗಿನಿಂದ ಅವಳ ತಾಯಿ, "ಏ ಗುಂಡವ್ವಾ, ರೊಟ್ಟಿ ಆರಾಕತ್ತಾವು, ಬಾರ ಲಗೂನ," ಎಂದು ಕೂಗಿದಳು. ಮಗಳು ತಿರುಗಿ, "ಬಂದ್ನಿ ತಡೀಬೇ," ಎಂದಳು. ಅಷ್ಟೇ. ಕಣಜಕ್ಕೆ ಬೀಗ ಬಿತ್ತು, ಕ್ಷಮೆ ಕೇಳಿ ತೆಗೆಸುವಷ್ಟರಲ್ಲಿ ಬಿತ್ತನೆಯ ಕಾಲ ದಾಟಿತ್ತು. ಆ ವರ್ಷ ಊರು ಕಣ್ಣು ಮುಚ್ಚಿಕೊಂಡು ಬಿತ್ತಿತು, ಹಸಿದುಕೊಂಡು ಮಲಗಿತು. ಅಂದಿನಿಂದ ಸುಲೋಚನಾ ಆದವಳ ಹುಟ್ಟಿದ ಹೆಸರನ್ನು ಶಾಲೆಯಿಂದ, ಮನೆಯಿಂದ, ಹೆತ್ತವರ ಬಾಯಿಂದ ತೆಗೆದುಹಾಕುತ್ತಾರೆ. ತಾಯಿ ಕೂಡ ಕರೆಯುವಂತಿಲ್ಲ.

ಏಳನೆಯವಳು ನನ್ನ ಸೋದರತ್ತೆ. ಮಗುವಿಗೆ ಹೆಸರಿಡುವಾಗ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳುವುದು, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಿಮ್ಮಲ್ಲೂ ಇದೆಯಲ್ಲ? ಹೊಸ ಸುಲೋಚನಾಳಿಗೂ ಹಾಗೆಯೇ ಮಾಡುತ್ತಾರೆ. ಖಾಲಿ ತೊಟ್ಟಿಲು ಕಟ್ಟಿ, ಬೆಳೆದ ಹುಡುಗಿಯನ್ನು ಅದರ ಪಕ್ಕದಲ್ಲಿ ಕೂರಿಸುತ್ತಾರೆ. ನನ್ನನ್ನು ಕೂರಿಸುವುದು ಈ ಶುಕ್ರವಾರ. ಪರಿಶೋಧಕನೂ ಬರುತ್ತಾನೆ. ನಾನು ಒಲ್ಲೆನೆಂದಾಗ ಅತ್ತೆ ಬೀಜದ ಗಡಿಗೆಗಳನ್ನು ಒರೆಸುತ್ತಿದ್ದಳು.

"ತೆನಿ, ಹೆಸರಂದ್ರ ಅಂಗಿ ಇದ್ದಂಗವಾ. ತೊಟ್ಕೋಬೇಕು, ದುಡೀಬೇಕು. ಊರು ಉಣ್ಣತೈತಿ."

"ಹಂಗಾರ ನಿನ್ನ ಹಳೀ ಅಂಗಿ ಎಲ್ಲೈತಿ ಅತ್ತಿ?"

ಅವಳು ಒರೆಸುವುದನ್ನು ನಿಲ್ಲಿಸಿದಳು. ಬಾಗಿಲು ಮುಂದೆ ಮಾಡಿ ಬಂದು, ನನ್ನ ತಲೆ ಹಿಡಿದುಕೊಂಡು, ಕಿವಿಯಲ್ಲಿ ಒಂದು ಹೆಸರು ಹೇಳಿದಳು. ಅದು ನಿಮ್ಮದಲ್ಲ, ಅವಳ ಸ್ವಂತದ್ದು. ನಾನು ಹುಟ್ಟಿದಂದಿನಿಂದ ಅವಳನ್ನು ಬಲ್ಲೆ, ಆ ಹೆಸರನ್ನು ಕೇಳಿದ್ದು ಆಗಲೇ.

"ಗುದ್ದ ಮತ್ತ," ಎಂದಳು ಅತ್ತೆ ಬೆನ್ನು ತಿರುಗಿಸಿ. "ಹೆಸರಿಟ್ಟ ಮ್ಯಾಲ ಗುದ್ದಬೇಕಿಲ್ಲೋ?"

ಗುದ್ದಿದೆ. ಇಬ್ಬರೂ ನಕ್ಕೆವು.

ಅಕ್ಕ, ನಾನು ಶಾಲೆಯಲ್ಲಿ ಕಲಿತದ್ದು ಕಡಿಮೆ, ಕರಪತ್ರಗಳಲ್ಲಿ ಓದಿದ್ದು ಹೆಚ್ಚು. ಆದರೆ ಲೈಸೆನ್ಸಿನ ವಿಷಯ ಅಷ್ಟೇನೂ ಕಠಿಣವಲ್ಲ. ಕಠಿಣವೆಂದು ನಂಬಿಸುವುದರಿಂದಲೇ ಅವರ ಅಂಗಡಿ ನಡೆಯುತ್ತದೆ. ಏಜೆಂಟ್ ಹೇಳುವ ಮೊದಲನೆಯ ಬಗೆಯಲ್ಲಿ ನಿಮ್ಮ ಯಂತ್ರದ ಕೋರ್‌ಗಳನ್ನು, ಅಂದರೆ ಒಳಗೆ ಲೆಕ್ಕ ಮಾಡುವ ಭಾಗಗಳನ್ನು, ಎಣಿಸುತ್ತಾರೆ. ಎಷ್ಟು ಮಂದಿ ಬೇಕಾದರೂ ಬಳಸಬಹುದು, ಆದರೆ ಯಂತ್ರ ದೊಡ್ಡದಾದಂತೆ ಬೆಲೆಯೂ ದೊಡ್ಡದಾಗುತ್ತದೆ. ಒಂದು ಕೆಟ್ಟರೆ ಇರಲಿ ಎಂದು ಪಕ್ಕದಲ್ಲಿಟ್ಟ ಯಂತ್ರವನ್ನೂ ಎಣಿಸುತ್ತಾರೋ ಎಂದು ಕೇಳಲೇಬೇಕು. ಎರಡನೆಯದು ಹೆಸರಿನ ಮೇಲಿನದು. ಬಳಸುವವರು ಕೆಲವರೇ ಆಗಿದ್ದು, ಎಲ್ಲರ ಹೆಸರನ್ನೂ ನಿಜವಾಗಿ ಬರೆಸಿ, ಒಬ್ಬರು ಹೋದರೆ ಇನ್ನೊಬ್ಬರ ಹೆಸರು ಸೇರಿಸುವ ಹಕ್ಕು ಇಟ್ಟುಕೊಂಡರೆ ಅದರಲ್ಲಿ ತಪ್ಪಿಲ್ಲ. ನಿಮ್ಮವರು ಆ ಹಕ್ಕನ್ನು ಬಿಟ್ಟುಕೊಟ್ಟು ಒಂದೇ ಹೆಸರನ್ನು ಎಲ್ಲರೂ ಹಂಚಿಕೊಂಡರು, ನಮ್ಮನ್ನು ಕಟ್ಟಿಹಾಕಿದ್ದು ಅದೇ. ಮೂರನೆಯದು ವರ್ಷದ ಚಂದಾ. ಮೊದಲಿಗೆ ಹಗುರ, ಆದರೆ ಕಟ್ಟುವುದು ನಿಂತ ದಿನವೇ ಬಾಗಿಲು ಮುಚ್ಚುತ್ತದೆ.

ನಾಲ್ಕನೆಯದನ್ನು ಏಜೆಂಟ್ ಕೊನೆಗೆ, ದನಿ ತಗ್ಗಿಸಿ ಹೇಳುತ್ತಾನೆ. ಅದು ಮುಕ್ತ ತಂತ್ರಾಂಶ. ಲೈಸೆನ್ಸಿಗೆ ಹಣವಿಲ್ಲ, ಒಳಗಿನ ಕೋಡ್ ಎಲ್ಲರಿಗೂ ತೆರೆದದ್ದು. "ಕೆಟ್ಟರ ಯಾರನ್ನ ಕೇಳೂದು?" ಎಂದು ಈರಬಸಪ್ಪನವರು ಖಂಡಿತ ಕೇಳುತ್ತಾರೆ. ಅದನ್ನು ಬಲ್ಲವರಲ್ಲಿ ಯಾರಿಗಾದರೂ ದುಡ್ಡು ಕೊಟ್ಟು ಕೇಳುವುದು ಎಂದು ನೀವು ಹೇಳಿ. ಆ ಒಬ್ಬರು ಸರಿಯಿಲ್ಲವೆಂದರೆ ಇನ್ನೊಬ್ಬರನ್ನು ಕರೆಯಬಹುದು. ನನ್ನ ಆಯ್ಕೆ ಇದೇ. ಅವರು ಇದನ್ನು ಒಪ್ಪದೆ ಬೇರೆ ಯಾವುದನ್ನು ಆರಿಸಿದರೂ ಸಹಿಗೆ ಮೊದಲು ಕೆಲವು ಮಾತು ಬರೆಸಿಕೊಳ್ಳಿ: ನಮ್ಮ ಮಾಹಿತಿಯನ್ನು ಯಾವ ತಂತ್ರಾಂಶವೂ ಓದಬಲ್ಲ ರೂಪದಲ್ಲಿ ನಾವು ಬೇಕೆಂದಾಗ ಹೊರಗೆ ತೆಗೆದುಕೊಳ್ಳುತ್ತೇವೆ. ಕಂಪನಿ ಕೈ ಬದಲಾದರೂ ಈ ಹಕ್ಕು ಬದಲಾಗುವುದಿಲ್ಲ. ಪರಿಶೋಧನೆಗೆ ಬರುವವರು ಮೊದಲೇ ತಿಳಿಸಿ ಬರಬೇಕು, ತಪ್ಪು ಕಂಡರೆ ಸರಿಪಡಿಸಲು ಕಾಲ ಕೊಡಬೇಕು, ಕಂಡ ಕೂಡಲೇ ಬೀಗ ಹಾಕುವಂತಿಲ್ಲ. ಇಷ್ಟು ಮಾತು ನಿಮ್ಮ ಒಪ್ಪಂದದಲ್ಲಿ ಇದ್ದಿದ್ದರೆ ಗುಂಡವ್ವ ಅಂದು ತಾಯಿಯ ಕೈಯ ಬಿಸಿ ರೊಟ್ಟಿ ಉಂಡು, ಮರಳಿ ಕೆಲಸಕ್ಕೆ ಬರುತ್ತಿದ್ದಳು.

ನೀವು ಇದನ್ನು ಬದಲಿಸಿದರೆ ನಾನು ಈ ಚೀಟಿ ಬರೆಯುವ ಸಂದರ್ಭವೇ ಬರುವುದಿಲ್ಲ, ಆದ್ದರಿಂದ ನೀವು ಬದಲಿಸಲಾರಿರಿ ಎಂದು ನಮ್ಮ ಪಂಡಿತರು ವಾದಿಸುತ್ತಾರೆ. ವಾದಿಸಿಕೊಂಡು ಕೂತಿರಲಿ. ನೆರಳುಹೊಲವೂ ಆಗದ ಮಾತೆಂದು ಹೇಳಿದವರ ಮೊಮ್ಮಕ್ಕಳು ಅವರು.

ನಾವೂ ಇಲ್ಲಿ ಕೈ ಕಟ್ಟಿ ಕೂತಿಲ್ಲ. ನನ್ನ ವಯಸ್ಸಿನವರು ಕೆಲವರು ಮಾಳಿಗೆಗಳ ಮೇಲೆ ಒಡಕು ಗಡಿಗೆಗಳಲ್ಲಿ ಗುರುತಿಲ್ಲದ ಬೀಜಗಳನ್ನು ಬಿತ್ತಿ, ಎಲೆ ನೋಡಿ, ತೆನೆ ನೋಡಿ, ಒಂದೊಂದರ ಗುಣವನ್ನೂ ಹೊಸದಾಗಿ ಬರೆಯುತ್ತಿದ್ದೇವೆ. ಆ ಬರಹಕ್ಕೆ ಬೀಗವಿಲ್ಲ. ಕಣಜದಲ್ಲಿ ಇರುವುದರ ಮುಂದೆ ಅದು ಬಹಳ ಸಣ್ಣದು, ಒಪ್ಪುತ್ತೇನೆ. ಬೀಗ ಬಿದ್ದರೆ ಆ ಹಸಿವಿನ ವರ್ಷ ಮತ್ತೆ ಬರುತ್ತದೆ ಎಂದು ಹಿರಿಯರು ಹೆದರುವುದು ಸುಳ್ಳು ಹೆದರಿಕೆಯೂ ಅಲ್ಲ. ಆದರೂ ಪರಿಶೋಧಕ "ಹೆಸರು?" ಎಂದು ಕೇಳಿದಾಗ ನಾನು ನನ್ನದನ್ನೇ ಹೇಳುತ್ತೇನೆ. ಅತ್ತೆಯೂ ತನ್ನದನ್ನು ಎಲ್ಲರೆದುರು ಗಟ್ಟಿಯಾಗಿ ಹೇಳುತ್ತೇನೆಂದು ಮಾತು ಕೊಟ್ಟಿದ್ದಾಳೆ. ಅದಕ್ಕೇ ಅವಳ ಹೆಸರನ್ನು ಇಲ್ಲಿ ಬರೆದಿಲ್ಲ, ಮೊದಲು ಹೇಳುವ ಹಕ್ಕು ಅವಳದು. ನಾವು ಬಾಯಿ ತೆರೆದಾಗ ಊರು ಹಸಿಯಬೇಕೋ ಬೇಡವೋ ಎಂಬುದು ಮಾತ್ರ ನಿಮ್ಮ ಕೈಯಲ್ಲಿದೆ.

ಆದ್ದರಿಂದ ಒಂದೇ ಒಂದು ಕೋರಿಕೆ. ರಜೆ ಹಾಕಬೇಡಿ. ತಂಗಿಗೆ ನನ್ನ ಪರವಾಗಿ ಕ್ಷಮೆ ಕೇಳಿ, ಕುಬಸವನ್ನು ಸಂಜೆಗೆ ಇಟ್ಟುಕೊಳ್ಳಲು ಹೇಳಿ, ಹಸಿರು ಬಳೆಯನ್ನು ಆಗ ತೊಡಿಸಿದರಾಯಿತು. ಬೆಳಿಗ್ಗೆ ಸಂಘದ ಸಭಾಭವನಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂರಿ. ಯಾರ ಹೆಸರು ಬರೆಯಲಿ ಎಂದು ಕೇಳಿದಾಗ ಎದ್ದು ನಿಂತು, "ನಂದೂ ಬ್ಯಾಡ," ಎಂದು ಹೇಳಿ. ಅಷ್ಟು ಜನರಿಗೆ ಅದು ಸಾಧ್ಯವಾಗುವುದಾದರೆ ನಿಮಗೂ ಸಾಧ್ಯ. ಆ ಭವನ ಇನ್ನೂ ಇದೆ, ನನ್ನ ತೊಟ್ಟಿಲನ್ನು ಕಟ್ಟಿರುವುದು ಅಲ್ಲೇ. ಅದೇ ಗಳಿಗೆಗೆ ನಾನೂ ಅಲ್ಲಿ ಎದ್ದು ನಿಂತಿರುತ್ತೇನೆ. ನನ್ನ ಹೆಸರು ತೆನೆ ಹಲಗೇರಿ.

ಶುಕ್ರವಾರ, ಬೆಳಿಗ್ಗೆ ಹತ್ತೂವರೆಗೆ ಅಲ್ಲಿ ಸೇರೋಣ.